ಬೇಲೂರೋ, ಹಳೇಬೀಡೋ, ಬೆಳವಾಡಿಯೋ? ಜನ ಜಾಸ್ತಿ ಇದ್ದಾಗ ಹೊಯ್ಸಳರ ಗುಡಿ ನೋಡುವ ಲೆಕ್ಕಾಚಾರ

ಹಾಸನದಲ್ಲಿ ಮನೆ ಮಾಡಿಕೊಂಡವರಿಗೆ ಸಂಬಳವಿಲ್ಲದ ಒಂದು ಕೆಲಸ ತಾನಾಗಿ ಅಂಟಿಕೊಳ್ಳುತ್ತದೆ. ಮೂರು ದಿನ ಸಾಲಾಗಿ ರಜೆ ಬಂದರೆ ಸಾಕು, ಬೆಂಗಳೂರಿನಿಂದ ಫೋನು. ಕಳೆದ ಸಲ ಚಿಕ್ಕಮ್ಮನ ಮಗಳು ಕೇಳಿದಳು: "ಅಕ್ಕಾ, ಬೇಲೂರಿಗೆ ಬರೋಣ ಅಂತಿದ್ದೀವಿ. ಆದ್ರೆ ಅಲ್ಲಿ ಕಾಲಿಡೋಕೂ ಜಾಗ ಇಲ್ವಂತೆ. ರೂಮಿನ ಬಾಡಿಗೆ ಕೇಳಿದ್ರೆ ತಲೆ ತಿರುಗುತ್ತೆ. ಹತ್ತಿರದಲ್ಲಿ ಯಾವುದಾದ್ರೂ ಸಣ್ಣ ದೇವಸ್ಥಾನ ಹೇಳು, ಅದನ್ನೇ ನೋಡ್ಕೊಂಡು ಬರ್ತೀವಿ. ಎಲ್ಲಾ ಒಂದೇ ಥರ ಅಲ್ವಾ?"

ಒಂದೇ ಥರ ಅಲ್ಲ. ಫೋನಿನಲ್ಲಿ ಹೇಳುತ್ತಾ ಹೋದರೆ ಅವಳ ಅನ್ನ ಸೀದುಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೇಲೂರು, ಹಳೇಬೀಡನ್ನು ಜನರಿಗೆ ಹೆದರಿ ಬಿಡಬೇಡಿ. ಬದಲಾಯಿಸಬೇಕಾದದ್ದು ಹೋಗುವ ಹೊತ್ತನ್ನು, ಊರನ್ನಲ್ಲ. ಸಣ್ಣ ಗುಡಿಗಳನ್ನು ಖಂಡಿತ ನೋಡಿ. ಆದರೆ ಬೇಲೂರಿನ ಬದಲಿಗೆ ಅಂತಲ್ಲ, ಬೇಲೂರಿನಲ್ಲಿ ಸಿಗದ್ದು ಅಲ್ಲಿದೆ ಅಂತ.

ನಾವು ಕಲಿತ ಪಾಠ

ಕೆಲವು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಯಲ್ಲಿ ನಾದಿನಿ ಮನೆಯವರು ಬಂದಿದ್ದರು. ತಿಂಡಿ ಮುಗಿಸಿ, ಮಕ್ಕಳನ್ನು ಹೊರಡಿಸಿ ಮನೆ ಬಿಡುವಾಗಲೇ ಹತ್ತೂವರೆ. ಬೇಲೂರು ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಕಾರು ನಿಲ್ಲಿಸಲು ಜಾಗ ಹುಡುಕಿದ್ದಕ್ಕೆ ಅರ್ಧ ಗಂಟೆ ಹೋಯಿತು. ಗೋಪುರದ ಒಳಗೆ ಕಾಲಿಟ್ಟರೆ ಎದುರಿಗೆ ನಾಲ್ಕು ಶಾಲೆಯ ಮಕ್ಕಳು ನಾಲ್ಕು ಬಣ್ಣದ ಯೂನಿಫಾರ್ಮಿನಲ್ಲಿ, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು ಸಾಲಾಗಿ ಹೋಗುತ್ತಿದ್ದಾರೆ. ಮೇಷ್ಟ್ರು ಸೀಟಿ ಊದುತ್ತಿದ್ದಾರೆ. ಅತ್ತೆಗೆ ಅಂಗಳದ ಕಲ್ಲು ಕಾದು ಪಾದ ಊರಲು ಆಗುತ್ತಿಲ್ಲ. ಹಾಸಿದ ಚಾಪೆಯ ಮೇಲೆ ನಡೆಯೋಣವೆಂದರೆ ಅಲ್ಲಿ ಎಲ್ಲರೂ ನಿಂತುಬಿಟ್ಟಿದ್ದಾರೆ.

ಒಬ್ಬ ಗೈಡ್ ಸಿಕ್ಕಿದರು. ಇಪ್ಪತ್ತೇ ನಿಮಿಷದಲ್ಲಿ ಮೂರು ಶಿಲಾಬಾಲಿಕೆ, ಒಂದು ಕಂಬ ತೋರಿಸಿ, ದುಡ್ಡು ಎಣಿಸಿಕೊಂಡು ಮುಂದಿನ ಗುಂಪಿನ ಕಡೆ ನಡೆದರು. ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನದ ಬಾಗಿಲು ಹಾಕಿ ಆಗಿತ್ತು. ನಾದಿನಿ ಕಾರಿನಲ್ಲಿ ಕೂತು, "ಇದಕ್ಕಿಂತ ಹಾಸನಾಂಬೆ ಕ್ಯೂನೇ ವಾಸಿ, ಕೊನೆಗೆ ದರ್ಶನ ಆದ್ರೂ ಆಗುತ್ತೆ" ಅಂದಳು. ಹಾಸನದವರಿಗೆ ಆ ಮಾತಿನ ತೂಕ ಗೊತ್ತು.

ತಪ್ಪು ಬೇಲೂರಿನದಲ್ಲ. ನಾವು ಹೋದ ಗಂಟೆಯದು.

ಜನ ಯಾವಾಗ, ಯಾಕೆ ಸೇರುತ್ತಾರೆ

ಬೇಲೂರಿಗೆ ಬರುವವರೆಲ್ಲ ಬೇಲೂರಿಗೇ ಅಂತ ಹೊರಟವರಲ್ಲ. ಬೆಂಗಳೂರಿನಿಂದ ಹಾಸನದ ಮೇಲೆ ಚಿಕ್ಕಮಗಳೂರಿನ ಗಿರಿಗೆ ಹೋಗುವವರಿಗೆ ಇದು ದಾರಿಯಲ್ಲೇ ಸಿಗುವ ಊರು. ಧರ್ಮಸ್ಥಳ, ಶೃಂಗೇರಿ, ಹೊರನಾಡು ಅಂತ ಸುತ್ತು ಹಾಕುವ ಬಸ್ಸುಗಳೂ ಇಲ್ಲಿ ನಿಲ್ಲುತ್ತವೆ. ನವೆಂಬರ್‌ನಿಂದ ಜನವರಿವರೆಗೆ ಶಾಲೆಯ ಪ್ರವಾಸಗಳ ಜೊತೆ ಅಯ್ಯಪ್ಪ ಮಾಲೆ ಹಾಕಿದವರ ವ್ಯಾನುಗಳೂ ಸೇರುತ್ತವೆ. ಇದರ ಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆಮೇಲೆ, "ಒಮ್ಮೆ ನೋಡಿಬಿಡೋಣ" ಅನ್ನುವವರೂ ಜಾಸ್ತಿಯಾದರು.

ಇವರಲ್ಲಿ ಹೆಚ್ಚಿನವರು ಬೆಳಿಗ್ಗೆ ಎಲ್ಲಿಂದಲೋ ಹೊರಟು ಬರುವವರು. ಹಾಗಾಗಿ ಬೇಲೂರು ತುಂಬುವುದು ಹತ್ತೂವರೆಯಿಂದ ಎರಡರವರೆಗೆ. ಹಳೇಬೀಡು ತುಂಬುವುದು ಅದಾದ ಮೇಲೆ, ಹನ್ನೆರಡರಿಂದ ಮೂರೂವರೆವರೆಗೆ, ಯಾಕೆಂದರೆ ಎಲ್ಲರೂ ಬೇಲೂರು ಮುಗಿಸಿ 16 ಕಿ.ಮೀ. ದೂರದ ಹಳೇಬೀಡಿಗೆ ಹೋಗುತ್ತಾರೆ. ಈ ಅಲೆಯ ಮುಂದೆ ಇರಬೇಕು, ಇಲ್ಲವೇ ಹಿಂದೆ ಇರಬೇಕು. ಮಧ್ಯೆ ಸಿಕ್ಕಿಕೊಳ್ಳಬಾರದು.

ತಿಂಗಳು ಆರಿಸುವ ಅವಕಾಶ ಇದ್ದರೆ ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಕೊನೆವರೆಗೆ ಬನ್ನಿ. ಪರೀಕ್ಷೆ ಹತ್ತಿರ ಬಂದಿರುತ್ತದೆ, ಶಾಲೆಯ ಬಸ್ಸುಗಳು ಇರುವುದಿಲ್ಲ. ಯುಗಾದಿ ಆದಮೇಲೆ ಬೇಲೂರಿನ ತೇರು. ಅದನ್ನೇ ನೋಡಬೇಕೆನ್ನುವವರು ಆಗಲೇ ಬರಬೇಕು. ಶಿಲ್ಪ ನೋಡುವವರು ಆ ದಿನಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಇನ್ನೊಂದು ಗುಟ್ಟು ಮಳೆಗಾಲ. ಜುಲೈ, ಆಗಸ್ಟ್‌ನ ಒಂದು ಮಂಗಳವಾರ ಜಿನುಗು ಮಳೆಯಲ್ಲಿ ಹೋಗಿ ನೋಡಿ. ಬಳಪದ ಕಲ್ಲು ಒದ್ದೆಯಾದರೆ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿನುಗುತ್ತದೆ. ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂದರೆ ಜಗತಿಯ ಮೇಲೆ ಜಾರುತ್ತದೆ, ಅಷ್ಟು ಹುಷಾರಾಗಿದ್ದರೆ ಸಾಕು.

ದುಡ್ಡು ಎಲ್ಲಿ ಹೋಗುತ್ತದೆ

ಬೇಲೂರಿನ ದೇವಸ್ಥಾನಕ್ಕೂ ಹಳೇಬೀಡಿನ ದೇವಸ್ಥಾನಕ್ಕೂ ಪ್ರವೇಶಕ್ಕೆ ದುಡ್ಡಿಲ್ಲ. "ಖರ್ಚು ಜಾಸ್ತಿ" ಅನ್ನುವವರ ಖರ್ಚೆಲ್ಲ ಗುಡಿಯ ಹೊರಗಿನದು: ರೂಮು, ಗಾಡಿ, ಊಟ.

ರೂಮಿನ ವಿಷಯದಲ್ಲಿ ನನ್ನ ಮಾತು ನೇರ. ಗುಡಿ ನೋಡಲು ಬರುವವರು ಶನಿವಾರ ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ಉಳಿಯಬೇಡಿ. ಅಲ್ಲಿ ತಲೆಗೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಅದರಲ್ಲಿ ತೋಟ, ಕ್ಯಾಂಪ್‌ಫೈರು, ಮೂರು ಹೊತ್ತಿನ ಊಟ ಎಲ್ಲ ಸೇರಿರುತ್ತದೆ. ಬೆಳಗಿನ ಜಾವವೇ ಎದ್ದು ಬೇಲೂರಿಗೆ ಓಡುವ ನಿಮಗೆ ಅದರಲ್ಲಿ ಅರ್ಧವೂ ದಕ್ಕುವುದಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಸಾಧಾರಣ ಲಾಡ್ಜುಗಳಿವೆ. ಬೇಲೂರಿನಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಇದೆ, ಹಳೇಬೀಡಿನಲ್ಲಿ ಮಯೂರ ಶಾಂತಲಾ ಇದೆ. ಐಷಾರಾಮ ನಿರೀಕ್ಷಿಸಬೇಡಿ. ಆದರೆ ಬೇಲೂರಿನಲ್ಲಿ ಮಲಗಿದವರು ಬೆಳಿಗ್ಗೆ ನಡೆದುಕೊಂಡೇ ಗುಡಿಗೆ ಹೋಗಬಹುದು. ಆ ಒಂದು ಗಂಟೆಯನ್ನು ಬೇರೆ ಯಾವ ದುಡ್ಡು ಕೊಟ್ಟೂ ಕೊಳ್ಳಲಾಗುವುದಿಲ್ಲ.

ಗಾಡಿಯ ವಿಷಯ ಮನೆಯಲ್ಲಿ ಎಷ್ಟು ಜನ, ಯಾರು ಅನ್ನುವುದರ ಮೇಲೆ. ಬೆಂಗಳೂರಿನಿಂದ ಹಾಸನಕ್ಕೆ ರೈಲಿದೆ. ಬೇಲೂರಿಗೂ ಹಳೇಬೀಡಿಗೂ ರೈಲಿಲ್ಲ. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಹಳೇಬೀಡು 30ಕ್ಕೆ ಸ್ವಲ್ಪ ಜಾಸ್ತಿ. ಎರಡಕ್ಕೂ ಸರ್ಕಾರಿ ಬಸ್ಸುಗಳು ಬೇಕಾದಷ್ಟಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಾನು, ಅಕ್ಕ, ಅಮ್ಮ ಮೂರೂ ಜನ ಆಧಾರ್ ತೋರಿಸಿ, ಶೂನ್ಯ ಟಿಕೆಟ್ ತೆಗೆದುಕೊಂಡು ಹೋಗಿ ಬಂದಿದ್ದೇವೆ. ಇಡೀ ದಿನದ ನಮ್ಮ ಖರ್ಚು ಕಾಫಿ, ಊಟ, ಗೈಡ್, ಒಂದು ಆಟೊ. ಭಾನುವಾರ ಮಾತ್ರ ಆ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿದರೆ ಅದೃಷ್ಟ. ವಯಸ್ಸಾದವರಿದ್ದರೆ, ನಾಲ್ಕೈದು ಜನರಿದ್ದರೆ ಹಾಸನದಿಂದಲೇ ಟ್ಯಾಕ್ಸಿ ಮಾಡಿಕೊಳ್ಳಿ. ಬೆಂಗಳೂರಿನಿಂದ ಹೋಗಿಬರುವ ಟ್ಯಾಕ್ಸಿಗಿಂತ ಎಷ್ಟೋ ಕಮ್ಮಿಯಾಗುತ್ತದೆ.

ಉಳಿದ ದುಡ್ಡಲ್ಲಿ ಸ್ವಲ್ಪವನ್ನು ಒಬ್ಬ ಒಳ್ಳೆಯ ಗೈಡ್‌ಗೆ ಕೊಡಿ. ಕುತ್ತಿಗೆಗೆ ಸರ್ಕಾರದ ಗುರುತಿನ ಚೀಟಿ ಹಾಕಿಕೊಂಡವರನ್ನೇ ಕೇಳಿ. ದರ ಎಷ್ಟು ಅಂತ ಮೊದಲೇ ಮಾತಾಡಿ, ಎಷ್ಟು ಹೊತ್ತು ಅಂತಲೂ ಮಾತಾಡಿ. ನಾವು ಎರಡನೆಯದನ್ನು ಕೇಳಲಿಲ್ಲ, ಅದಕ್ಕೇ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಬೆಳಿಗ್ಗೆ ಎಂಟಕ್ಕೆ ಸಿಗುವ ಗೈಡ್‌ಗೆ ಮುಂದಿನ ಗುಂಪು ಇನ್ನೂ ಬಂದಿರುವುದಿಲ್ಲ. ಅವರು ನಿಧಾನವಾಗಿ, ಇಷ್ಟಪಟ್ಟು ಹೇಳುತ್ತಾರೆ.

ಬೇಲೂರು: ಬೆಳಿಗ್ಗೆ, ಬೆಳಿಗ್ಗೆ, ಬೆಳಿಗ್ಗೆ

ಬೇಲೂರನ್ನು ಪಾಳುಬಿದ್ದ ಜಾಗ ಅನ್ನಲು ಆಗುವುದಿಲ್ಲ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ, ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತಿದೆ. ಗಂಟೆ ಸದ್ದು, ತುಳಸಿ ವಾಸನೆ, ಮಂಗಳಾರತಿ ತಟ್ಟೆ, ಎಲ್ಲ ಇದೆ. ಹಾಗಾಗಿ ಬರುವವರಲ್ಲಿ ಅರ್ಧ ಜನ ಭಕ್ತರು, ಅರ್ಧ ಜನ ನೋಡುವವರು. ಇಬ್ಬರೂ ಒಂದೇ ಬಾಗಿಲಲ್ಲಿ ಒಳಗೆ ಹೋಗಬೇಕು. ಬೇಲೂರಿನ ನೂಕುನುಗ್ಗಲು ಇರುವುದು ಇಲ್ಲೇ. ಅಂಗಳ ಎಷ್ಟು ದೊಡ್ಡದಿದ್ದರೇನು, ಎಲ್ಲರೂ ನಿಲ್ಲುವುದು ಎರಡೇ ಕಡೆ. ಒಂದು ಬಾಗಿಲ ಹತ್ತಿರ, ಇನ್ನೊಂದು ಕನ್ನಡಿ ಹಿಡಿದ ಶಿಲಾಬಾಲಿಕೆ ದರ್ಪಣ ಸುಂದರಿಯ ಕೆಳಗೆ.

ಹಾಗಾಗಿ ಏಳೂವರೆಗೆ ಅಲ್ಲಿದ್ದು, ಹೊರಗಡೆ ನೋಡದೆ ನೇರ ಒಳಗೆ ಹೋಗಿ. ಎಲ್ಲರೂ ಮಾಡುವುದು ಇದಕ್ಕೆ ಉಲ್ಟಾ. ಗರ್ಭಗುಡಿ ಮುಂದಿನ ಮಂಟಪಕ್ಕೆ ನವರಂಗ ಅನ್ನುತ್ತಾರೆ, ಅದರ ಕಂಬಗಳು ಒಂದರ ಹಾಗೆ ಇನ್ನೊಂದಿಲ್ಲ. ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತಂತೆ. ಅದರ ತುಂಬಾ ಬೆರಳುದ್ದದ ಮೂರ್ತಿಗಳು. ತಲೆ ಎತ್ತಿದರೆ ಭುವನೇಶ್ವರಿ ಅಂತ ಕರೆಯುವ ಛತ್ತು, ತಲೆಕೆಳಗಾದ ಕಮಲದ ಹಾಗೆ. ಅದರ ನಾಲ್ಕು ಮೂಲೆಗೆ ನಾಲ್ಕು ಶಿಲಾಬಾಲಿಕೆಯರು. ಕತ್ತಲೆ ಇರುತ್ತದೆ, ದೀಪ ಹಾಕಿಸಬೇಕು. ಹತ್ತು ಗಂಟೆ ಮೇಲೆ ಇಲ್ಲಿ ನಿಂತು ತಲೆ ಎತ್ತಲು ಆಗುವುದಿಲ್ಲ, ಹಿಂದಿನವರು ತಳ್ಳುತ್ತಾರೆ.

ಆಮೇಲೆ ಹೊರಗೆ ಬನ್ನಿ. ಅಷ್ಟು ಹೊತ್ತಿಗೆ ಪೂರ್ವದ ಬಿಸಿಲು ಮದನಿಕೆಯರ, ಅಂದರೆ ಶಿಲಾಬಾಲಿಕೆಯರ ಮುಖಕ್ಕೆ ಬಿದ್ದಿರುತ್ತದೆ. ಒಳಗಿನ ನಾಲ್ಕು ಸೇರಿ ಒಟ್ಟು 42. ಎಲ್ಲವನ್ನೂ ನೋಡಲು ಹೋದರೆ ಕುತ್ತಿಗೆ ನೋವು ಬಂದು ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಐದು ಆರಿಸಿಕೊಳ್ಳಿ, ಸಾಕು. ಸೀರೆಯನ್ನು ಕೋತಿ ಎಳೆಯುತ್ತಿರುವವಳು ಒಬ್ಬಳು. ಬಟ್ಟೆಯಲ್ಲಿ ಸೇರಿಕೊಂಡ ಚೇಳನ್ನು ಕೊಡವಿದವಳು ಇನ್ನೊಬ್ಬಳು. ನನಗೆ ಬಹಳ ಇಷ್ಟವಾದದ್ದು ಮೂರ್ತಿಗಿಂತ ಅದರ ಮೇಲಿನ ಬಳ್ಳಿ ಚಪ್ಪರ. ಒಂದರ ಎಲೆಗಳ ನಡುವೆ ಒಂದು ನೊಣ, ಅದನ್ನು ಹಿಡಿಯಲು ಮೈ ಬಿಗಿಹಿಡಿದ ಹಲ್ಲಿ. ನೆಲದಿಂದ ನೋಡಿದರೆ ನೊಣ ಕಾಣುವುದೇ ಕಷ್ಟ. ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದೂ ಕೆತ್ತಿದ್ದಾನೆ. ಗೈಡ್ ಕೋಲಿನಿಂದ ತೋರಿಸುವವರೆಗೆ ಮೂರು ಸಲ ಹೋದರೂ ನನಗೆ ಗೊತ್ತಿರಲಿಲ್ಲ.

ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಕಲ್ಲಿನಿಂದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಕೆತ್ತಿದವರು ಹೆಸರನ್ನೂ ಬರೆದಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಜಕಣಾಚಾರಿಯ ಕತೆ ಎಲ್ಲ ಗೈಡ್‌ಗಳೂ ಹೇಳುತ್ತಾರೆ, ಕಪ್ಪೆ ಚೆನ್ನಿಗರಾಯನ ಗುಡಿ ಮುಂದೆ ನಿಲ್ಲಿಸಿಯೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮದನಿಕೆಯ ಪೀಠದ ಮೇಲಿರುವ ದಾಸೋಜನ ಹೆಸರನ್ನೂ ತೋರಿಸಿ ಅಂತ ಕೇಳಿ ನೋಡಿ, ಒಳ್ಳೆಯ ಗೈಡ್ ಯಾರು ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಜೊತೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಚಪ್ಪಲಿ ಹೊರಗೆ ಬಿಡಬೇಕು, ಹತ್ತೂವರೆ ಮೇಲೆ ಕಲ್ಲು ಹೆಂಚಾಗುತ್ತದೆ.

ಹಳೇಬೀಡು: ಹಿಂದಿನ ಗೋಡೆಗೆ ಹೋಗಿ

ಹಾಳಾದ ರಾಜಧಾನಿ ಅಂದರೆ ಇದು. ಆಗಿನ ಹೆಸರು ದೋರಸಮುದ್ರ. ಹೊಯ್ಸಳೇಶ್ವರ ಗುಡಿ ಶುರುವಾದದ್ದು ಸುಮಾರು 1121ರಲ್ಲಿ, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ. 1311ರಲ್ಲಿ ಮಲಿಕ್ ಕಾಫರ್‌ನ ದಂಡು ಬಂತು, ಆಮೇಲೆ ತುಘಲಕನ ದಂಡು. ಊರು ಮೇಲೇಳಲಿಲ್ಲ. ಗುಡಿಗೆ ಇವತ್ತು ಶಿಖರವಿಲ್ಲ. ಅಗಲಕ್ಕೆ ಹರಡಿಕೊಂಡು, ತಲೆಯೇ ಇಲ್ಲದ ಹಾಗೆ ಕೂತಿದೆ. ಮೊದಲ ಸಲ ನೋಡಿದವರು, "ಇಷ್ಟೇನಾ?" ಅನ್ನುವುದನ್ನು ಕೇಳಿದ್ದೇನೆ. ದೂರದಿಂದ ನೋಡಿದರೆ ಹಾಗೇ ಅನಿಸುತ್ತದೆ. ಗೋಡೆಯ ಹತ್ತಿರ ಹೋಗಬೇಕು.

ಬೇಲೂರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ಬೇಲೂರಿನಲ್ಲಿ ಒಳ್ಳೆಯದೆಲ್ಲ ತಲೆಯ ಮೇಲಿದೆ, ಅಥವಾ ಒಳಗಿದೆ. ಹಳೇಬೀಡಿನಲ್ಲಿ ಒಳ್ಳೆಯದು ಕಣ್ಣಿನ ಎತ್ತರಕ್ಕೆ, ಹೊರಗಿನ ಗೋಡೆಯ ಉದ್ದಕ್ಕೂ ಇದೆ. ಆದ್ದರಿಂದ ಅಷ್ಟೇ ಜನ ಬಂದರೂ ಹಳೇಬೀಡಿನಲ್ಲಿ ಹರಡಿಕೊಳ್ಳುತ್ತಾರೆ. ಅದೂ ಅಲ್ಲದೆ ಹೆಚ್ಚಿನವರು ಪೂರ್ವದ ಬಾಗಿಲ ಹತ್ತಿರ ಒಂದು ಫೋಟೊ, ದೊಡ್ಡ ನಂದಿಯ ಹತ್ತಿರ ಒಂದು ಫೋಟೊ ತೆಗೆದು ಹುಲ್ಲಿನ ಮೇಲೆ ಕೂತುಬಿಡುತ್ತಾರೆ. ಪಶ್ಚಿಮದ ಹಿಂಗೋಡೆಗೆ ಬರುವವರು ಕಮ್ಮಿ. ದೊಡ್ಡ ಮೂರ್ತಿಗಳೆಲ್ಲ ಇರುವುದೇ ಅಲ್ಲಿ.

ಸಂಜೆ ನಾಲ್ಕರ ಮೇಲೆ ಆ ಗೋಡೆಗೆ ಓರೆ ಬಿಸಿಲು ಬೀಳುತ್ತದೆ. ಬೆಳಿಗ್ಗೆ ಚಪ್ಪಟೆಯಾಗಿ ಕಂಡದ್ದು ಸಂಜೆ ಎದ್ದು ಬರುತ್ತದೆ. ಕೆಳಗಿನಿಂದ ಶುರುಮಾಡಿ. ಮೊದಲ ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ನಡುವೆ ಒಂದು ಸಾಲು ಪೂರ್ತಿ ಕತೆ, ಮೇಲೆ ಮಕರ, ಹಂಸ. ಅದರ ಮೇಲೆ ದೊಡ್ಡ ದೇವರುಗಳು. ಆನೆಗಳನ್ನು ಒಂದೊಂದಾಗಿ ನೋಡುತ್ತಾ ನಡೆದರೆ ಒಂದು ಸೊಂಡಿಲು ಎತ್ತಿದೆ, ಒಂದು ತಿರುಗಿ ನೋಡುತ್ತಿದೆ. ಮಗ ಎಂಟು ವರ್ಷದವನಿದ್ದಾಗ ಇದನ್ನು ಆಟ ಮಾಡಿಕೊಂಡಿದ್ದ, ಒಂದೇ ಥರದ ಎರಡು ಆನೆ ಹುಡುಕಿದರೆ ಐಸ್‌ಕ್ರೀಮ್ ಅಂತ. ಮಕ್ಕಳಿದ್ದರೆ ಇದನ್ನೇ ಮಾಡಿ, ಅವರು ಒಂದು ಗಂಟೆ ಸುಮ್ನೆ ಇರುತ್ತಾರೆ. ಕೈಲಾಸವನ್ನೇ ಎತ್ತುವ ರಾವಣನನ್ನು ಬಿಡಬೇಡಿ. ಬೆಟ್ಟದ ಮೇಲಿನ ಪ್ರಾಣಿ ಪಕ್ಷಿಗಳೂ ಅಲುಗಾಡಿದ ಹಾಗೆ ಕೆತ್ತಿದ್ದಾರೆ.

ಗುಡಿಯ ದಕ್ಷಿಣಕ್ಕೆ ಒಂದು ಗರುಡಗಂಬ ಇದೆ. ಪ್ರವಾಸದವರು ಅದಕ್ಕೆ ಬೆನ್ನು ಒರಗಿಸಿ ನಿಂತಿರುತ್ತಾರೆ, ಏನೆಂದು ಗೊತ್ತಿಲ್ಲದೆ. ಇದು ವೀರಬಲ್ಲಾಳ, ಅಂದರೆ ಎರಡನೇ ಬಲ್ಲಾಳನ ಮೈಗಾವಲಿನವನಾದ ಕುವರ ಲಕ್ಷ್ಮನದು. ರಾಜ ಸತ್ತರೆ ತಾವೂ ಬದುಕುವುದಿಲ್ಲ ಅಂತ ಮಾತು ಕೊಟ್ಟವರನ್ನು ಗರುಡ ಅನ್ನುತ್ತಿದ್ದರು. ರಾಜ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ, ಅವನ ಜೊತೆಯವರು ಪ್ರಾಣ ಕೊಟ್ಟರು. ಕಂಬದ ಮೇಲೆ ಬಗ್ಗಿ ನೋಡಿ. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಆಳುಗಳಿದ್ದಾರೆ. ಗುಡಿಯ ಅಷ್ಟೂ ಅಲಂಕಾರದ ಪಕ್ಕ ಇದು ಸಣ್ಣದು, ಒರಟು. ನನಗೆ ಆ ಊರಿನಲ್ಲಿ ಇದರಷ್ಟು ಮನಸ್ಸಿಗೆ ತಾಗಿದ್ದು ಬೇರೆ ಇಲ್ಲ.

ಹಳೇಬೀಡಿನ ಜನರನ್ನು ತಪ್ಪಿಸಿಕೊಳ್ಳಲು ಇನ್ನೂ ಸುಲಭದ ದಾರಿ ಇದೆ. ಅರ್ಧ ಕಿಲೋಮೀಟರ್ ಆಚೆ ಬಸ್ತಿಹಳ್ಳಿಯ ಮೂರು ಬಸದಿಗಳು. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಒಳಗಿನ ಕರಿಯ ಕಂಬಗಳಿಗೆ ಎಂಥ ಹೊಳಪೆಂದರೆ, ಎದುರು ನಿಂತರೆ ನಿಮ್ಮ ಮುಖ ಉದ್ದವಾಗಿ ಎಳೆದ ಹಾಗೆ ಕಾಣುತ್ತದೆ. ನಾನು ಹೋದಾಗಲೆಲ್ಲ ಅಲ್ಲಿ ಹತ್ತು ಜನಕ್ಕಿಂತ ಹೆಚ್ಚು ಕಂಡಿಲ್ಲ, ಡಿಸೆಂಬರ್‌ನಲ್ಲೂ. ಹಾಗೇ ಮುಂದೆ ಕೇದಾರೇಶ್ವರ ಗುಡಿ. ಹೊಯ್ಸಳೇಶ್ವರ ಗುಡಿಯ ಆವರಣದಲ್ಲೇ ಮ್ಯೂಸಿಯಂ ಇದೆ, ಶುಕ್ರವಾರ ರಜೆ.

ಸಣ್ಣ ಗುಡಿಗಳು ಏನು ಕೊಡುತ್ತವೆ

ಬೇಲೂರು, ಹಳೇಬೀಡು ಎರಡಕ್ಕೂ ಈಗ ಶಿಖರವಿಲ್ಲ. ಹೊಯ್ಸಳರ ಗುಡಿ ಪೂರ್ತಿಯಾಗಿ ಹೇಗಿತ್ತು ಅಂತ ನೋಡಬೇಕಾದರೆ ಸಣ್ಣ ಊರಿಗೇ ಹೋಗಬೇಕು. ಚಿಕ್ಕಮ್ಮನ ಮಗಳಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು.

ಬೆಳವಾಡಿ ನನ್ನ ಮೊದಲ ಆಯ್ಕೆ. ಚಿಕ್ಕಮಗಳೂರು ತಾಲ್ಲೂಕಿನದು, ಹಳೇಬೀಡಿನಿಂದ ಸುಮಾರು 12 ಕಿ.ಮೀ. ಎರಡನೇ ಬಲ್ಲಾಳನ ಕಾಲದ ವೀರನಾರಾಯಣ ಗುಡಿ. ನಾರಾಯಣ, ವೇಣುಗೋಪಾಲ, ಯೋಗನರಸಿಂಹ, ಮೂರು ಗರ್ಭಗುಡಿ, ಮೂರು ಶಿಖರ. ಇದೇ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ಊರವರು ಹೇಳುತ್ತಾರೆ. ಹೊರಗೋಡೆಯಲ್ಲಿ ಹಳೇಬೀಡಿನ ಸಡಗರ ಇಲ್ಲ. ಇಲ್ಲಿ ನೋಡಬೇಕಾದದ್ದು ಮಂಟಪ. ತಿರುಗಣೆಯಲ್ಲಿ ಕಡೆದ ಕಂಬಗಳು ಸಾಲು ಸಾಲಾಗಿ ನಿಂತಿವೆ, ಒಂದೊಂದೂ ಗಂಟೆಯನ್ನು ಬೋರಲು ಹಾಕಿದ ಹಾಗೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಬೆಂಕಿ ಬಿಸಿಲು, ಒಳಗೆ ನೆಲ ತಣ್ಣಗೆ. ಕಂಬಕ್ಕೆ ಒರಗಿ ಕೂತರೆ ಎದ್ದು ಹೋಗಿ ಅನ್ನುವವರು ಯಾರೂ ಇಲ್ಲ. ನಮ್ಮ ಅತ್ತೆ ಬೇಲೂರಿನಲ್ಲಿ ನೋಡಲಾಗದೆ ಹೋದದ್ದನ್ನು ಮುಂದಿನ ಸಲ ಇಲ್ಲಿ ಕೂತು ನೋಡಿದರು. ವೇಣುಗೋಪಾಲನ ಮುಂದೆ ಎಷ್ಟು ಹೊತ್ತು ನಿಂತರೆಂದರೆ ಅರ್ಚಕರೇ ಬಂದು ಊರು ಯಾವುದು ಅಂತ ಕೇಳಿದರು. ಮಧ್ಯಾಹ್ನ ಗರ್ಭಗುಡಿ ಮುಚ್ಚಿರಬಹುದು, ದರ್ಶನ ಬೇಕಿದ್ದವರು ಸ್ವಲ್ಪ ಬೇಗ ಹೋಗಿ. ಬಸ್ಸು ಕಮ್ಮಿ. ಹಳೇಬೀಡಿನಿಂದ ಆಟೊ ಮಾತಾಡಿಕೊಂಡು, ಕಾಯಲು ಎಷ್ಟು ಅಂತಲೂ ಸೇರಿಸಿ ಹೇಳಿಸಿಕೊಳ್ಳಿ.

ದೊಡ್ಡಗದ್ದವಳ್ಳಿ ಹಾಸನದಿಂದ ಬೇಲೂರಿಗೆ ಹೋಗುವಾಗಲೇ ಒಳಗೆ ತಿರುಗಿದರೆ ಸಿಗುತ್ತದೆ. ಇಲ್ಲಿನ ಗುಡಿ ಬೇಲೂರಿಗಿಂತ ಮೊದಲಿನದು, 1113ರ ಹೊತ್ತಿನದು. ಕಟ್ಟಿಸಿದ್ದು ರಾಜನಲ್ಲ. ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳು, ಅದರ ಮೇಲೆ ಸಿಂಹದ ಜೊತೆ ಹೋರಾಡುವ ಸಳ. ಕಾಳಿಯ ಗುಡಿ ಬಾಗಿಲಲ್ಲಿ ಎಲುಬು ಎಣಿಸಬಹುದಾದ ಎರಡು ಬೇತಾಳಗಳು ನಿಂತಿವೆ. ಮಕ್ಕಳಿಗೆ ಬಹಳ ಖುಷಿ. ಪಕ್ಕದಲ್ಲೇ ಕೆರೆ. ಅರ್ಧ ಗಂಟೆಗೆ ಮುಗಿಯುತ್ತದೆ, ಆದರೆ ಅಲ್ಲಿಂದ ಬೇಗ ಏಳಲು ಮನಸ್ಸಾಗುವುದಿಲ್ಲ.

ಕೊರವಂಗಲದ ಬೂಚೇಶ್ವರ ಹಾಸನದಿಂದ ಹತ್ತು ಕಿಲೋಮೀಟರ್, ಅರಸೀಕೆರೆ ಕಡೆ. 1173ರದು. ಹೊಲದ ಮಧ್ಯೆ, ಶಿಖರ ಸಮೇತ. ಅದರ ಹತ್ತಿರವೇ ಇನ್ನೆರಡು ಗುಡಿಗಳು ನಿಜವಾಗಿಯೂ ಪಾಳುಬಿದ್ದಿವೆ. ಮೊಸಳೆಯ ಜೋಡಿ ಗುಡಿ ಹೊಳೆನರಸೀಪುರ ರಸ್ತೆಯಲ್ಲಿದೆ. ಇವೆರಡಕ್ಕೂ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಹಾಸನಕ್ಕೆ ವಾಪಸ್ ಬರಬಹುದು.

ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ನಾನು ಬೇಲೂರನ್ನೇ ಮೊದಲು ಹೇಳುವುದಿಲ್ಲ. ತರೀಕೆರೆ ಹತ್ತಿರ ಅಮೃತಾಪುರದ ಗುಡಿ ಇದೆ, 1196ರದು. ಸೋಮನಾಥಪುರದವರೆಗೂ ಹೆಸರು ಮಾಡಿದ ಶಿಲ್ಪಿ ರೂವಾರಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಅಲ್ಲಿ.

ಯಾರಿಗೆ ಯಾವುದು

ಒಂದೇ ಜಾಗ, ಅರ್ಧ ದಿನ ಅನ್ನುವವರಲ್ಲಿ ದೇವರ ದರ್ಶನವೂ ಬೇಕು ಅನ್ನುವ ಹಿರಿಯರಿದ್ದರೆ ಬೇಲೂರು, ಬೆಳಿಗ್ಗೆ. ಮಕ್ಕಳು, ಕ್ಯಾಮೆರಾ ಹಿಡಿದವರು, ನಿಧಾನವಾಗಿ ನೋಡುವವರು ಇದ್ದರೆ ಹಳೇಬೀಡು, ಸಂಜೆ. ನನ್ನನ್ನೇ ಒಂದು ಆರಿಸು ಅಂದರೆ ಹಳೇಬೀಡು, ಎರಡು ಮಾತಿಲ್ಲ. ಜನ ಕಂಡರೇ ಆಗದವರು ಬೆಳವಾಡಿ, ದೊಡ್ಡಗದ್ದವಳ್ಳಿ ಎರಡನ್ನೇ ನೋಡಿ ಹೋಗಿ, ತಪ್ಪೇನಿಲ್ಲ. ಆದರೆ ಊರಿಗೆ ಹೋಗಿ "ಬೇಲೂರು ನೋಡಿದ ಹಾಗೇ ಆಯ್ತು" ಅನ್ನಬೇಡಿ.

ಪೂರ್ತಿ ದಿನ ಇದ್ದವರು ಹೀಗೆ ಮಾಡಿ. ಆರೂಕಾಲಿಗೆ ಹಾಸನ ಬಿಟ್ಟು ಏಳೂವರೆಗೆ ಬೇಲೂರು. ಒಳಗೆ, ಆಮೇಲೆ ಹೊರಗೆ, ಹತ್ತಕ್ಕೆ ಹೊರಗೆ ಬಂದು ತಿಂಡಿ. ದೊಡ್ಡ ಬಸ್ಸುಗಳು ಆಗ ಬರುತ್ತಿರುತ್ತವೆ, ನೀವು ಹೊರಡುತ್ತಿರುತ್ತೀರಿ. ಹಳೇಬೀಡಿನಲ್ಲಿ ನಿಲ್ಲಿಸದೆ ನೇರ ಬೆಳವಾಡಿಗೆ. ಮಧ್ಯಾಹ್ನ ಅಲ್ಲಿನ ಮಂಟಪದಲ್ಲಿ ಕಳೆದು, ಬುತ್ತಿಯ ಪುಳಿಯೋಗರೆಯನ್ನು ಹೊರಗೆ ಮರದಡಿ ತಿಂದು, ಮೂರಕ್ಕೆ ಬಸ್ತಿಹಳ್ಳಿ, ನಾಲ್ಕಕ್ಕೆ ಹೊಯ್ಸಳೇಶ್ವರ. ಬಿಸಿಲು ಇಳಿಯುವವರೆಗೆ ಹಿಂಗೋಡೆ. ದೊಡ್ಡಗದ್ದವಳ್ಳಿಯನ್ನು ಇದರಲ್ಲಿ ತುರುಕಲು ಹೋಗಬೇಡಿ, ಮಾರನೇ ದಿನ ಊರಿಗೆ ಹೋಗುವ ಮೊದಲು ನೋಡಿ.

ಶನಿವಾರ ಬಿಟ್ಟರೆ ಬೇರೆ ದಿನವೇ ಇಲ್ಲ ಅನ್ನುವವರು ಶುಕ್ರವಾರ ರಾತ್ರಿಯೇ ಬೇಲೂರು ಸೇರಿಕೊಳ್ಳಿ. ಚಿಕ್ಕಮ್ಮನ ಮಗಳು ಕೊನೆಗೆ ಹಾಗೇ ಮಾಡಿದಳು. ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ಮೆಸೇಜು: "ಅಕ್ಕಾ, ಭುವನೇಶ್ವರಿ ಕೆಳಗೆ ನಾವು ಮೂರೇ ಜನ. ಆ ಹಲ್ಲಿ ಎಲ್ಲಿದೆ ಹೇಳು, ಗೈಡ್ ಇನ್ನೂ ಕಾಫಿ ಕುಡೀತಿದಾರೆ."